ಗ್ರಾಫಿಕ್ಸ್ ಕಾರ್ಡಿಗೆ ರೈಟ್ ಹೇಳಿದವರು

ಪಾಂಡವಪುರದ ನನ್ನ ಕಂಪ್ಯೂಟರ್ ಅಂಗಡಿಯ ಗಾಜಿನ ಬೀರುವಿನಲ್ಲಿ ಒಂದು ಕೆಂಪು ಡಬ್ಬ ಮತ್ತು ಒಂದು ಹಸಿರು ಡಬ್ಬ ಹನ್ನೊಂದು ದಿನ ಅಕ್ಕಪಕ್ಕ ಕುಳಿತಿದ್ದವು. ಪರಿಸ್ಥಿತಿ ಉದ್ವಿಗ್ನವಾಗಿತ್ತಾದರೂ ಹತೋಟಿಯಲ್ಲಿತ್ತು. ಶ್ರೀರಂಗಪಟ್ಟಣ ಮತ್ತು ಕೆ.ಆರ್. ಪೇಟೆಯಿಂದ ತಜ್ಞರ ಅಭಿಪ್ರಾಯ ಬಂದಿತ್ತು. ಗ್ರಾಮದೇವತೆಯ ಹೇಳಿಕೆಯನ್ನೂ ಪಡೆಯಲಾಗಿತ್ತು. ಯಾವುದೇ ಅಹಿತಕರ ಘಟನೆ ನಡೆದ ಬಗ್ಗೆ ವರದಿ ಇರಲಿಲ್ಲ.

ಕಂಪ್ಯೂಟರ್ ಅಂಗಡಿ ಇಟ್ಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಹೊಸ ಪ್ರಿಂಟರಿಗೆ ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿ, ಆಮೇಲೆ ರಿಪೇರಿಗೆ ತಂದವರನ್ನು ನಾನು ನೋಡಿದ್ದೇನೆ. ಕೀಬೋರ್ಡಿನಲ್ಲಿ ಇರುವೆ ಸೇರಿತೆಂದು ಕಬ್ಬಿಗೆ ಹೊಡೆಯುವ ಔಷಧಿಯನ್ನೇ ಹೊಡೆದು ತಂದವರೊಬ್ಬರು, "ಇರುವೆ ಹೋದೋ, ಅಕ್ಷರನೂ ಹೋದೋ" ಎಂದು ವರದಿ ಒಪ್ಪಿಸಿದ್ದರು. ಆದರೆ ಒಂದು ಗಿರಾಕಿ, ಎರಡು ಡಬ್ಬ, ಹನ್ನೊಂದು ದಿನ ಎಂಬ ಲೆಕ್ಕ ನನಗೂ ಹೊಸದು.

ಎತ್ತಿ ನೋಡಿದ್ದು

ಗಿರಾಕಿ ಕ್ಯಾತನಹಳ್ಳಿಯವರು. ಇಪ್ಪತ್ತೆಂಟು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು. ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರದ ಮೇಲೆ ಹಾದು, ಒಮ್ಮೆ ಕೆ.ಆರ್. ಪೇಟೆಗೆ, ಒಮ್ಮೆ ನಾಗಮಂಗಲಕ್ಕೆ. ಈ ರಸ್ತೆಗಳ ಒಂದೊಂದು ಗುಂಡಿಯೂ ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಗುಂಡಿ ಹುಟ್ಟಿದಾಗಿನಿಂದ.

ಬೀಳ್ಕೊಡುಗೆಯ ದಿನ ಡಿಪೋದ ಗೆಳೆಯರು ಶಾಲಿನ ಜೊತೆಗೆ ಕಂಪ್ಯೂಟರ್ ಆಟಕ್ಕೆ ಜೋಡಿಸುವ ಒಂದು ಸ್ಟೀರಿಂಗನ್ನೂ, ಕಾಲಿಗೆ ಮೂರು ಪೆಡಲನ್ನೂ ಕೊಟ್ಟಿದ್ದರು. ತಮಾಷೆಗೆ ಕೊಟ್ಟದ್ದು. ಡ್ರೈವರು ತಮಾಷೆಗೆ ತೆಗೆದುಕೊಳ್ಳಲಿಲ್ಲ. ನಿವೃತ್ತಿಯಾದ ಮೂರನೇ ವಾರದಿಂದ ಮನೆಯಲ್ಲಿ ಅವರ ಕೈಕಾಲು ಸುಮ್ಮನಿರುತ್ತಿರಲಿಲ್ಲ. ಅವರ ಹೆಂಡತಿ ಒಮ್ಮೆ ಪ್ರಿಂಟು ತೆಗೆಸಲು ಬಂದಾಗ ನನಗೆ ಹೇಳಿದ್ದರು: "ಊಟದ ತಟ್ಟೆನ ಎರಡು ಕೈಲೂ ಹಿಡ್ಕಂಡು ತಿರುಗುಸ್ತಾ ಕುಂತಿರ್ತರೆ ಕಣಪ್ಪ. ಸಾರು ಬುಟ್ರೆ ಬ್ರೇಕ್ ಹಾಕ್ತರೆ. ಇವ್ರುಗೆ ಏನಾರ ಒಂದು ದಾರಿ ಮಾಡು."

ಹೀಗಾಗಿ ಬಸ್ಸು ಓಡಿಸುವ ಆಟಕ್ಕೆ ಒಂದು ಕಂಪ್ಯೂಟರ್ ಜೋಡಿಸಿ ಕ್ಯಾತನಹಳ್ಳಿಗೆ ತಲುಪಿಸಿದೆ. ಉಳಿದಿದ್ದು ಗ್ರಾಫಿಕ್ಸ್ ಕಾರ್ಡ್ ಮಾತ್ರ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಆಟದ ಚಿತ್ರ ಬಿಡಿಸುವ ಭಾಗ ಅದು. ಅದಿಲ್ಲದಿದ್ದರೆ ಆಟದ ಬಸ್ಸು ನಿಂತು ನಿಂತು ಮುಂದಕ್ಕೆ ಹೋಗುತ್ತದೆ. ನನ್ನಲ್ಲಿ ಎರಡಿದ್ದವು. ಕೆಂಪು ಡಬ್ಬದ್ದರಲ್ಲಿ ಮೆಮೊರಿ ಹೆಚ್ಚು, ಮೂರು ಫ್ಯಾನು. ಹಸಿರು ಡಬ್ಬದ್ದರಲ್ಲಿ ಮೆಮೊರಿ ಕಡಿಮೆ, ಎರಡು ಫ್ಯಾನು, ಆದರೆ ಬೆಳಕು ನೆರಳು ಚೆನ್ನಾಗಿ ಬಿಡಿಸುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಒಂದು ಮೂಟೆ ಬೂಸಾದಷ್ಟು.

ಗುರುವಾರ ಬೆಳಗ್ಗೆ ಡ್ರೈವರು ಬಂದರು. ಒಬ್ಬರೇ ಬರಲಿಲ್ಲ. ಬೆಳಗೊಳದಿಂದ ತಮ್ಮ ಹಳೆಯ ಕಂಡಕ್ಟರನ್ನು ಕರೆಸಿಕೊಂಡಿದ್ದರು. ಅವರೂ ಅದೇ ತಿಂಗಳು ನಿವೃತ್ತರಾದವರು. ಡ್ರೈವರು ಕುರ್ಚಿಯಲ್ಲಿ ಕೂತರು. ಕಂಡಕ್ಟರಿಗೆ ಸ್ಟೂಲು ಕೊಟ್ಟರೆ ಬೇಡವೆಂದು ಬಾಗಿಲಲ್ಲಿ ಒಂದು ಕೈ ಮೇಲೆ ಹಿಡಿದು ನಿಂತರು.

ಡ್ರೈವರು ಎರಡು ಡಬ್ಬವನ್ನೂ ಒಂದೊಂದು ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಇದು ಭಾರ ಅದೆ. ಮೈಲೇಜ್ ಕಮ್ಮಿ ಬತ್ತದಾ?"

"ಇದಕ್ಕೆ ಮೈಲೇಜ್ ಅಂತ ಇಲ್ಲಣ್ಣ. ಸೆಕೆಂಡಿಗೆ ಎಷ್ಟು ಚಿತ್ರ ಅಂತ ನೋಡ್ತಾರೆ. ಕೆಂಪಿಂದು ಎಂಬತ್ತು ಅಂದ್ಕೊಳ್ಳಿ, ಹಸಿರಿಂದು ಎಂಬತ್ತೈದು."

"ಸೆಕೆಂಡಿಗೆ ಎಂಬತ್ತಾ? ಎಲ್ಲಿಗ್ಲಾ ಹೋಗಬೇಕು ಅಷ್ಟು ಅವಸರದಲ್ಲಿ?"

"ಫ್ಯಾನು ಮೂರವೆ ನೋಡು" ಎಂದರು ಕಂಡಕ್ಟರು ಬಾಗಿಲಿಂದ. "ನಮ್ ಗಾಡೀಲಿ ಒಂದೇ ಇದ್ದದ್ದು. ಅದೂ ಇವನ ಮಕದ ಮೇಲೆ ತಿರುಗೋದು. ಮೂವತ್ತು ವರ್ಷ ಬೆವರಿದ್ದು ನಾನು."

"ಇಪ್ಪತ್ತೆಂಟು" ಎಂದರು ಡ್ರೈವರು.

ಯಾವುದು ಕೊಡಲಿ ಎಂದೆ. ಡ್ರೈವರು ತಿರುಗಿ ಕಂಡಕ್ಟರ ಮುಖ ನೋಡಿದರು. ಆಗ ನನಗೆ ಈ ವ್ಯವಹಾರದ ಮೂಲ ತೊಡಕು ತಿಳಿಯಿತು. ಇಪ್ಪತ್ತೆಂಟು ವರ್ಷ ಈ ಮನುಷ್ಯ ಹಿಂದಿನಿಂದ 'ರೈಟ್' ಎಂಬ ಮಾತು ಬರದೆ ಗಾಡಿಯನ್ನು ಒಂದಡಿ ಮುಂದಕ್ಕೆ ಬಿಟ್ಟವರಲ್ಲ. ಇನ್ನು ಆ ಕಂಡಕ್ಟರೋ, ಇನ್ನೂ ಯಾರಾದರೂ ಹತ್ತುವವರಿದ್ದಾರೆಯೇ ಎಂದು ರಸ್ತೆಯ ಎರಡೂ ತುದಿ ನೋಡದೆ 'ರೈಟ್' ಎಂದವರಲ್ಲ.

ಕಂಡಕ್ಟರು ರಸ್ತೆಯ ಎರಡೂ ತುದಿ ನೋಡಿದರು. "ತಡಿ. ಇನ್ನೊಂದಿಬ್ರುನ್ನ ಕೇಳ್ಮ" ಎಂದರು.

ಮಾರನೇ ದಿನ ಡ್ರೈವರು ಫೋನು ಮಾಡಿ ತಗ್ಗಿದ ದನಿಯಲ್ಲಿ ಹೇಳಿದರು: "ಮನೆಯೋಳು ವಾಯ್ದೆ ಹಾಕವ್ಳೆ. ಬರೋ ವಾರದ ಭಾನುವಾರ ಮಧ್ಯಾನದ ಒಳಗೆ ಕಾರ್ಡು ತರ್ಬೇಕಂತೆ. ಇಲ್ದಿದ್ರೆ ಆ ದುಡ್ಡಿಗೆ ಸೀಮೆ ಹಸ. ಅವಳಣ್ಣ ನಾಗಮಂಗಲದಲ್ಲಿ ಹಸ ನೋಡಕ್ಕೂ ಸುರು ಮಾಡವ್ನೆ. ಹಸ ಬಂದ್ರೆ ಮುಗೀತು, ಈ ಸ್ಟೇರಿಂಗು ಅಟ್ಟದ ಮೇಕ್ಕೇ."

ಇಷ್ಟು ಹೇಳಿ, ಕಾರ್ಡು ಯಾವುದೆಂದು ಹೇಳದೆ ಫೋನಿಟ್ಟರು.

ಸೀಟಿನ ಪ್ರಶ್ನೆ

ಸೋಮವಾರ ಇಬ್ಬರೂ ಶ್ರೀರಂಗಪಟ್ಟಣಕ್ಕೆ ಹೋದರು. ಅಲ್ಲಿ ಮದುವೆ ಆಲ್ಬಂ ಮಾಡುವ ಒಬ್ಬ ಸ್ಟುಡಿಯೋದವರು ಕೆಂಪು ಡಬ್ಬದ ಕಾರ್ಡೇ ಇಟ್ಟುಕೊಂಡಿದ್ದಾರೆಂದು ಹೇಳಿ ಕಳಿಸಿದವನು ನಾನು. ನಡೆದದ್ದನ್ನು ಸ್ಟುಡಿಯೋದವರೇ ಆಮೇಲೆ ನನಗೆ ಹೇಳಿದರು, ಸ್ವಲ್ಪ ಬೇಸರದಲ್ಲಿ.

ಅವರು ಇಬ್ಬರಿಗೂ ಕಾಫಿ ತರಿಸಿ, ಮೆಮೊರಿ ಹೆಚ್ಚಿರುವುದೇ ಒಳ್ಳೆಯದೆಂದು ವಿವರಿಸಿದರು.

"ಮೆಮೊರಿ ಅಂದ್ರೆ ಏನು?" ಎಂದರು ಡ್ರೈವರು.

ಸ್ಟುಡಿಯೋದವರು ಯೋಚಿಸಿ, "ಬಸ್ಸಲ್ಲಿ ಸೀಟಿದ್ದಂಗೆ ಅಣ್ಣ. ಕೆಂಪಲ್ಲಿ ಹನ್ನೆರಡು ಸೀಟು. ಹಸಿರಲ್ಲಿ ಎಂಟೇ ಸೀಟು. ಚಿತ್ರ ಜಾಸ್ತಿ ಆದ್ರೆ ಕೂರಕ್ಕೆ ಜಾಗ ಬೇಕಲ್ಲ?" ಎಂದರು.

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಕಂಡಕ್ಟರ ಮುಖ ಅರಳಿತು. "ಅಂಗಾರೆ ಕೆಂಪೇ ಸರಿ ಕಣ್ಲಾ. ಸೀಟು ಬೇಕು" ಎಂದು ಅವರು ಇನ್ನೇನು 'ರೈಟ್' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಡ್ರೈವರು ಲೋಟ ಕೆಳಗಿಟ್ಟರು.

"ಯಾರ್ಲಾ ಸೀಟಿನ ಮಾತಾಡ್ತಿರೋನು? ಐವತ್ತೈದು ಸೀಟಿನ ಗಾಡಿಗೆ ನೂರಾ ಹತ್ತು ಜನ ಹತ್ತಿಸ್ತಿದ್ದೋನು ನೀನು. ಟಾಪಲ್ಲಿ ಕೋಳಿ ಮಂಕ್ರಿ ಬೇರೆ. ಯಾವತ್ತಾರ ಜಾಗ ಇಲ್ಲ ಅಂದಿದ್ದೀಯ?"

"ಇಲ್ಲ" ಎಂದು ಕಂಡಕ್ಟರು ಒಪ್ಪಿಕೊಂಡರು.

"ಮತ್ತೆ? ಎಂಟು ಸಾಕಾಗಕಿಲ್ವಾ ನಿಂಗೆ?"

ಕಂಡಕ್ಟರು ಬೆರಳಲ್ಲಿ ಎಂಟು ಎಣಿಸಿ, "ಹಿಂದಕ್ಕೆ ಹೋಗಿ ಅಂದ್ರೆ ಸಾಕಾಯ್ತದೆ" ಎಂದರು.

ಮೆಮೊರಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕಂಪ್ಯೂಟರ್ ತಂತ್ರಜ್ಞಾನದ ಒಂದು ದೊಡ್ಡ ವಾದವನ್ನು ಕಾಫಿ ಆರುವುದರೊಳಗೆ ಬಗೆಹರಿಸಿ ಅವರು ಎದ್ದು ಬಂದರು.

ಮಳೆಯಲ್ಲಿ ನೆರಳು

ಹಾಗಾದರೆ ಹಸಿರೇ ತೆಗೆದುಕೊಳ್ಳುತ್ತಾರೆ ಎಂದು ನಾನು ಮಂಗಳವಾರ ಹಸಿರು ಡಬ್ಬವನ್ನು ಒರೆಸಿಟ್ಟೆ. ಆ ದಿನ ಯಾರೂ ಬರಲಿಲ್ಲ. ಬುಧವಾರ ಇಬ್ಬರೂ ಕೆ.ಆರ್. ಪೇಟೆಗೆ ಹೋಗಿದ್ದರು. ಅಲ್ಲಿನ ಹೈಸ್ಕೂಲೊಂದರ ಡ್ರಿಲ್ ಮೇಷ್ಟರ ಮನೆಯಲ್ಲಿ ಹಸಿರು ಡಬ್ಬದ ಕಾರ್ಡಿದೆ. ಅವರೂ ಸಂಜೆ ಹೊತ್ತು ಬಸ್ಸಿನ ಆಟ ಆಡುವವರೇ. ಮಕ್ಕಳಿಗೆ ಮೈದಾನದಲ್ಲಿ ಓಡಿ ಎಂದು ಹೇಳಿ ಹೇಳಿ ತಾವು ಕೂತು ಆಡುವ ಅಭ್ಯಾಸ ಬಂದಿದೆಯೆಂದು ಅವರೇ ಹೇಳುತ್ತಾರೆ.

ಮೇಷ್ಟರು ಆಟ ಹಾಕಿ, ಮಳೆ ಬರಿಸಿದರು. ರಸ್ತೆಯ ಮೇಲೆ ನೀರು ನಿಂತಿತು. ನೀರಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಬಸ್ಸಿನ ನೆರಳು, ದೀಪದ ನೆರಳು, ಮೋಡದ ನೆರಳು ಕಂಡವು.

"ನೋಡಿ ಅಣ್ಣ, ಇದೇ ಹಸಿರಿನ ವಿಶೇಷ. ನೀರಲ್ಲಿ ಕಾಣೋ ನೆರಳು ಹೆಂಗಿದೆ!"

ಡ್ರೈವರು ಮುಂದಕ್ಕೆ ಬಾಗಿ ನೋಡಿದರು. "ಮೇಷ್ಟ್ರೇ, ರಸ್ತೇಲಿ ನೀರು ನಿಂತ್ರೆ ಕೆಳಗೆ ಗುಂಡಿ ಎಷ್ಟು ಆಳ ಅದೆ ಅಂತ ನೋಡ್ಬೇಕು. ನೆರಳು ನೋಡ್ತಾ ಕುಂತ್ರೆ ಆಕ್ಸಲ್ ಮುರೀತದೆ."

"ಇದು ಹೊರದೇಶದ ರಸ್ತೆ ಅಣ್ಣ, ಇಲ್ಲಿ ಗುಂಡಿ ಇರಲ್ಲ."

"ಗುಂಡಿ ಇಲ್ದೆ ನೀರು ಯಾಕೆ ನಿಂತದೆ?"

ಮೇಷ್ಟರು ಮಳೆ ನಿಲ್ಲಿಸಿದರು. ಆ ಹೊತ್ತಿಗೆ ಕಂಡಕ್ಟರು ಪರದೆಯ ಹಿಂದೆ ಮುಂದೆ ಏನನ್ನೋ ಹುಡುಕುತ್ತಿದ್ದರು.

"ಬಾಗ್ಲು ಎಲ್ಲದೆ?"

ಬಾಗಿಲು ಆ ದೇಶದ ರೀತಿಯಲ್ಲಿ ಬಲಗಡೆಗಿತ್ತು. ಕಂಡಕ್ಟರು ನೊಂದುಕೊಂಡರು. "ಬಾಗ್ಲು ಆ ಕಡೆ ಇದ್ರೆ ಮುದುಕರು ಮಕ್ಕಳು ನಡು ರಸ್ತೆಗೆ ಇಳೀಬೇಕಾ? ನಾನು ಇದಕ್ಕೆ ರೈಟ್ ಹೇಳಕಿಲ್ಲ. ಏನಾರ ಆದ್ರೆ ಯಾರು ಜವಾಬ್ದಾರಿ?"

ಸಂಜೆ ನನಗೆ ಫೋನು ಬಂತು. ನಮ್ಮ ಕಡೆಯ ಬಸ್ಸು, ನಮ್ಮ ಕಡೆಯ ರಸ್ತೆ, ಎಡಗಡೆಯ ಬಾಗಿಲು ಎಲ್ಲವನ್ನೂ ಆಟಕ್ಕೆ ಸೇರಿಸಬಹುದು, ಅದಕ್ಕೆ ಕಾರ್ಡ್ ಯಾವುದಾದರೂ ನಡೆಯುತ್ತದೆ ಎಂದು ಅರ್ಧ ಗಂಟೆ ಸಮಾಧಾನ ಹೇಳಿದೆ.

"ಯಾವುದಾರೂ ನಡೀತದಾ?" ಎಂದರು ಡ್ರೈವರು. "ಅಂಗಂದ್ರೆ ಇನ್ನೂ ಕಷ್ಟ ಆಯ್ತಲ್ಲಪ್ಪ."

ಅಮ್ಮನ ಹೇಳಿಕೆ

ಶುಕ್ರವಾರ ವಿಷಯ ಊರ ಹೊರಗಿನ ಅಮ್ಮನ ಗುಡಿಗೆ ಹೋಯಿತು. ನಮ್ಮ ಕಡೆ ಹೆಣ್ಣು ಗೊತ್ತು ಮಾಡುವುದಕ್ಕೆ, ಬೋರು ಕೊರೆಸುವುದಕ್ಕೆ ಅಮ್ಮನನ್ನು ಹೂವು ಕೇಳುವುದುಂಟು. ಬಲಗಡೆಯ ಹೂವು ಬಿದ್ದರೆ ಒಂದು, ಎಡಗಡೆಯದು ಬಿದ್ದರೆ ಇನ್ನೊಂದು. ಗ್ರಾಫಿಕ್ಸ್ ಕಾರ್ಡಿಗೆ ಕೇಳಿದ್ದು ಮೊದಲು ಎಂದು ಕಾಣುತ್ತದೆ. ಗುಡಿಯಲ್ಲಿದ್ದ ಮೂರ್ನಾಲ್ಕು ಹೆಂಗಸರು, "ಯಾವ ಊರ ಹೆಣ್ಣಂತೆ?" ಎಂದು ಪಿಸುಗುಟ್ಟಿದರಂತೆ.

ಬಲಕ್ಕೆ ಬಿದ್ದರೆ ಕೆಂಪು, ಎಡಕ್ಕೆ ಬಿದ್ದರೆ ಹಸಿರು ಎಂದು ಡ್ರೈವರು ಮನಸ್ಸಿನಲ್ಲಿ ನೆನೆಸಿಕೊಂಡು, ಪೂಜಾರಿಗೂ ಹೇಳಿ ಕಣ್ಣು ಮುಚ್ಚಿದರು. ಕಂಡಕ್ಟರು ಬಾಗಿಲಲ್ಲಿ ಕಂಬ ಹಿಡಿದು ನಿಂತರು. ಪೂಜಾರಿ ಮಂಗಳಾರತಿ ಎತ್ತಿದ. ಕಾಲು ಗಂಟೆ ಕಾದರು. ಅಮ್ಮನ ಎಡದ ಹೂವೂ ಬೀಳಲಿಲ್ಲ, ಬಲದ ಹೂವೂ ಬೀಳಲಿಲ್ಲ. ನೆತ್ತಿಯ ಮೇಲಿದ್ದ ಒಂದು ಸೇವಂತಿಗೆ ಜಾರಿ ನೆಟ್ಟಗೆ ಮಡಿಲಿಗೆ ಬಂದು ಕೂತಿತು.

"ಏನಪ್ಪ ಇದರರ್ಥ?" ಎಂದರು ಡ್ರೈವರು.

ಪೂಜಾರಿ ಮೊಬೈಲಿನಲ್ಲಿ ಆಟವಾಡುವವನು, ಈ ಲೋಕದ ಸುದ್ದಿ ಬಲ್ಲವನು. ಹೂವನ್ನೂ ಡ್ರೈವರನ್ನೂ ನೋಡಿ ಗಂಭೀರವಾಗಿ ಹೇಳಿದ: "ತಾಯಿ ಇನ್ನು ಮೂರು ತಿಂಗಳು ತಡ್ಕೊ ಅಂತವ್ಳೆ. ಹೊಸಾ ಮಾಡಲ್ ಬತ್ತದಂತೆ."

ಇಂಟರ್ನೆಟ್ಟಿನಲ್ಲಿ ಈ ಪ್ರಶ್ನೆ ಕೇಳಿದವರಿಗೆಲ್ಲ ಸಿಗುವ ಉತ್ತರವೂ ಇದೇ. ಅಲ್ಲಿ ತೆಂಗಿನಕಾಯಿ ಒಡೆಯಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ಹನ್ನೊಂದನೆಯ ದಿನ

ಭಾನುವಾರ ನಾನು ಅಂಗಡಿ ತೆಗೆಯುವವನಲ್ಲ. ಆ ದಿನ ತೆಗೆದೆ. ಹತ್ತಕ್ಕೇ ಇಬ್ಬರೂ ಬಂದರು. ಡ್ರೈವರು ಕುರ್ಚಿಯಲ್ಲಿ, ಕಂಡಕ್ಟರು ಬಾಗಿಲಲ್ಲಿ, ಎರಡು ಡಬ್ಬ ಮೇಜಿನ ಮೇಲೆ. ಡ್ರೈವರ ಹೆಂಡತಿ ಹಿಂದಿನ ದಿನವೇ ನಾಗಮಂಗಲಕ್ಕೆ ಅಣ್ಣನ ಮನೆಗೆ ಹೋಗಿದ್ದರು. ಬೆಳಗ್ಗೆಯ ಬಸ್ಸಿಗೆ ಹೊರಡುತ್ತಾರೆ, ಹಸು ಹಿಂದೆ ಗೂಡ್ಸ್ ಗಾಡಿಯಲ್ಲಿ ಬರುತ್ತದೆ ಎಂಬುದು ಡ್ರೈವರಿಗಿದ್ದ ಸಮಾಚಾರ.

"ನೀವು ಹೂಂ ಅಂದ್ರೆ ಈಗಲೇ ಬಿಲ್ ಹಾಕ್ತೀನಿ" ಎಂದೆ. "ಕೆಂಪೋ ಹಸಿರೋ?"

ಡ್ರೈವರು ಗಡಿಯಾರ ನೋಡಿದರು. ಹನ್ನೊಂದಾಗಿತ್ತು. "ಈಗ ಬಸ್ಸು ಜಕ್ಕನಹಳ್ಳಿ ಬುಟ್ಟಿರ್ತದೆ. ಅಲ್ಲಿ ಮೇಲುಕೋಟೆಯಿಂದ ಇಳ್ದು ಬರೋ ಜನ ಹತ್ತತಾರೆ, ನಾಕು ನಿಮಿಷ. ಇಲ್ಲಿಗೆ ಹನ್ನೊಂದೂ ಮುಕ್ಕಾಲು. ಹಸಿನ ಗಾಡಿ ಮೂವತ್ತರ ಮೇಲೆ ಓಡ್ಸಂಗಿಲ್ಲ, ಅದು ಹನ್ನೆರಡೂ ಕಾಲು." ಕಾಣದ ಬಸ್ಸು ಎಲ್ಲಿದೆಯೆಂದು ಅವರು ಅಂಗೈ ಗೆರೆಯಂತೆ ಹೇಳಬಲ್ಲರು. ಕಣ್ಣೆದುರಿನ ಡಬ್ಬಗಳಲ್ಲಿ ಯಾವುದು ಬೇಕೆಂದು ಹೇಳಲಾರರು.

"ಲೇ, ಏನಾರ ಹೇಳ್ಲಾ" ಎಂದರು ಕಂಡಕ್ಟರಿಗೆ. "ಹಸ ಬಂದ್ಬುಟ್ರೆ ಮುಗೀತು. ಇನ್ನು ಈ ಕೈಲಿ ತಟ್ಟೆನೂ ತಿರುಗುಸ್ದಂಗೆ ಮಾಡ್ತಳೆ."

"ಎರಡೂ ಚೆನ್ನಾಗವೆ ಕಣ್ಲಾ" ಎಂದರು ಕಂಡಕ್ಟರು, ನಿಜವಾಗಿ ಸಂಕಟದಲ್ಲಿ.

ಹನ್ನೊಂದೂ ನಲವತ್ತಕ್ಕೆ ಡ್ರೈವರ ಹೆಂಡತಿ ಅಂಗಡಿಯ ಮೆಟ್ಟಿಲು ಹತ್ತಿದರು.

"ಐದು ನಿಮಿಷ ಬೇಗ ಬಂದವ್ನೆ" ಎಂದರು ಡ್ರೈವರು. "ಹೊಸ ಡ್ರೈವರು. ಸ್ಟಾಪಲ್ಲಿ ನಿಲ್ಸಿಲ್ಲ."

ಎಲ್ಲರೂ ಆಕೆಯ ಹಿಂದೆ ಬೀದಿಯನ್ನು ನೋಡಿದೆವು. ಹಸು ಕಾಣಲಿಲ್ಲ.

"ಹಸ ಎಲ್ಲಿ?" ಎಂದರು ಡ್ರೈವರು.

ಆಕೆ ಕಂಡಕ್ಟರು ಹತ್ತು ದಿನ ಮುಟ್ಟದ ಸ್ಟೂಲಿನ ಮೇಲೆ ಕೂತರು. "ನಮ್ಮಣ್ಣನೂ ನಿಮ್ಮಂಗೇ ಕಣ್ರೀ. ಎರಡು ಹಸ ನೋಡಿದ್ನಂತೆ. ಒಂದು ಕರೀದು, ಒಂದು ಕೆಂದು. ರೇಟು ಒಂದೇಯ. ಯಾವ್ದು ತಕ್ಕಳದು ಅಂತ ಇಡೀ ವಾರ ಹಲ್ಲು ನೋಡ್ದ, ಸುಳಿ ನೋಡ್ದ, ಬಾಲ ನೋಡ್ದ. ನೆನ್ನೆ ಸಂಜೆ ಯಾವನೋ ಬಂದು ಎರಡುನ್ನೂ ಹೊಡ್ಕಂಡೋದ."

ಡ್ರೈವರು ಡಬ್ಬಗಳ ಮೇಲೆ ಒಂದೊಂದು ಕೈಯಿಟ್ಟರು.

ಆಕೆ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಬಿಳಿ ದಾರ ತೆಗೆದು ಮೇಜಿನ ಮೇಲೆ ಎಳೆದರು. "ಮೊನ್ನೆ ನಿಮ್ಮ ಕಂಪೀಟ್ರು ಡಬ್ಬದ ಪಕ್ಕದ ಮುಚ್ಚಳ ತೆಗ್ದು ಒರೆಸ್ತಿದ್ದೆ. ಒಳಗೆ ಜಾಗ ಇಷ್ಟೇ ಇರೋದು. ಅಳ್ದು ಇಟ್ಕಂಡೆ. ಇದರೊಳಗೆ ಹಿಡ್ಸೋದು ಯಾವ್ದೋ ಅದುನ್ನ ಕೊಡಪ್ಪ."

ನಾನು ಎರಡೂ ಕಾರ್ಡು ಹೊರಗೆ ತೆಗೆದು ದಾರದ ಪಕ್ಕ ಇಟ್ಟೆ. ಮೂರು ಫ್ಯಾನಿನ ಕೆಂಪು ಡಬ್ಬದ್ದು ದಾರಕ್ಕಿಂತ ನಾಲ್ಕು ಬೆರಳು ಉದ್ದವಿತ್ತು. ಹಸಿರು ಡಬ್ಬದ್ದು ಎರಡು ಬೆರಳು ಗಿಡ್ಡವಿತ್ತು. ಅಂದರೆ ಮೊದಲ ದಿನದಿಂದಲೂ ಆರಿಸಲು ಇದ್ದದ್ದು ಒಂದೇ. ಕಂಪ್ಯೂಟರಿನ ಆ ಸಣ್ಣ ಡಬ್ಬವನ್ನು, ಅಂದರೆ ಕ್ಯಾಬಿನೆಟ್ಟನ್ನು, ಮಾರಿದವನು ನಾನೇ ಎಂಬ ಮಾತನ್ನು ಆಗ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಡ್ರೈವರು ಕಂಡಕ್ಟರನ್ನು ನೋಡಿದರು. ಕಂಡಕ್ಟರು ದಾರ ನೋಡಿದರು, ರಸ್ತೆಯ ಎರಡೂ ತುದಿ ನೋಡಿದರು, ಹತ್ತುವವರು ಇನ್ನಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ರೈಟ್" ಎಂದರು.

ಗಾಡಿ ಹೊರಟದ್ದು

ಮಧ್ಯಾಹ್ನ ಊಟವಾದ ಮೇಲೆ ನಾನು ಕ್ಯಾತನಹಳ್ಳಿಗೆ ಹೋಗಿ ಕಾರ್ಡು ಕೂರಿಸಿದೆ. ಕಂಡಕ್ಟರು ಡ್ಯೂಟಿ ಮುಗಿಯಿತೆಂದು ಬೆಳಗೊಳಕ್ಕೆ ಹೋಗಿಯಾಗಿತ್ತು. ಎಡಗಡೆ ಬಾಗಿಲಿನ ಕೆಂಪು ಬಸ್ಸು, ನಮ್ಮ ಕಡೆಯಂಥದೇ ರಸ್ತೆ, ಪಕ್ಕದಲ್ಲಿ ಕಬ್ಬು ಎಲ್ಲ ಹಾಕಿಕೊಟ್ಟೆ. ಸ್ಟೀರಿಂಗಿಗೆ ಕುಂಕುಮ ಬಿತ್ತು. ಡ್ರೈವರು ಕೈಮುಗಿದು ಕೂತರು. ಆಟದ ಬಸ್ಸು ಸ್ಟ್ಯಾಂಡಿನಲ್ಲಿ ಎಂಜಿನ್ ಗುರುಗುಟ್ಟುತ್ತ ನಿಂತಿತು.

ನಿಂತೇ ಇತ್ತು.

ಐದು ನಿಮಿಷವಾಯಿತು. ಹತ್ತಾಯಿತು. ಹನ್ನೊಂದು ದಿನದ ಮೇಲೆ ಕೊಟ್ಟ ಕಾರ್ಡು ಕೆಟ್ಟದ್ದಾಗಿದ್ದರೆ? ಪೆಡಲಿನ ವಯರು ತೆಗೆದು ಹಾಕಿದೆ. ಸ್ಟೀರಿಂಗಿನ ವಯರು ತೆಗೆದು ಹಾಕಿದೆ. ಮೇಜಿನ ಕೆಳಗೆ ಮಲಗಿ ಎಲ್ಲ ಕಡೆ ಬೆರಳಿಟ್ಟು ನೋಡಿದೆ. ಎಲ್ಲ ಸರಿಯಾಗಿತ್ತು.

"ಅಣ್ಣ, ಆಕ್ಸಿಲೇಟರ್ ಒತ್ತಿ ನೋಡಿ."

ಡ್ರೈವರು ಒತ್ತಲಿಲ್ಲ. ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದರು.

"ಏನಾಯ್ತಣ್ಣ? ಏನು ತೊಂದ್ರೆ?"

"ತೊಂದ್ರೆ ಏನಿಲ್ಲ. ಕಂಡಕ್ಟ್ರು ಬರ್ಲಿ" ಎಂದರು.

ಕಂಡಕ್ಟರಿಗೆ ಫೋನು ಮಾಡಿದೆ. ಸಿಗಲಿಲ್ಲ. ಡ್ರೈವರಿಗೆ ಅವಸರವಿರಲಿಲ್ಲ. ಬೆಳಗ್ಗೆಯ ತನಕ ಕಾಯುವ ಮುಖ ಮಾಡಿಕೊಂಡು ಕೂತರು. ಇಪ್ಪತ್ತು ನಿಮಿಷದ ಹೊತ್ತಿಗೆ ಅಡುಗೆಮನೆಯಿಂದ ಅವರ ಹೆಂಡತಿ ಕೈಯಲ್ಲಿ ಸೌಟು ಹಿಡಿದು ಬಂದರು. ಪರದೆ ನೋಡಿದರು, ಗಂಡನನ್ನು ನೋಡಿದರು, ಮೇಜಿನ ಕೆಳಗಿದ್ದ ನನ್ನನ್ನು ನೋಡಿದರು. ಆಮೇಲೆ ಕ್ಯಾಬಿನೆಟ್ಟಿನ ಪಕ್ಕಕ್ಕೆ ಸೌಟಿನ ಹಿಡಿಯಿಂದ ಎರಡು ಸಲ ತಟ್ಟಿದರು.

"ರೈಟ್, ರೈಟ್! ಹೋಗ್ಲಿ!"

ಬಸ್ಸು ಹೊರಟಿತು.

ಈಗ ಕ್ಯಾತನಹಳ್ಳಿಯಲ್ಲಿ ಆ ಗಾಡಿ ಬೆಳಗ್ಗೆ ಒಂದು, ಸಂಜೆ ಒಂದು, ಹೀಗೆ ದಿನಕ್ಕೆ ಎರಡು ಟ್ರಿಪ್ಪು ಓಡುತ್ತಿದೆ. ಭಾನುವಾರ ರಜೆ. ವೇಗ ಇದುವರೆಗೆ ನಲವತ್ತು ದಾಟಿಲ್ಲ. ಹಸುವನ್ನು ಕೊಂಡಿಲ್ಲ. ಕೆಂಪು ಡಬ್ಬ ನನ್ನ ಬೀರುವಿನಲ್ಲಿದೆ.